ಹಳೆಯ ದಪ್ಪ ಮಾನಿಟರ್ ಬದಲಿಸಬೇಕೇ? ಹೀಗೆ ಪರೀಕ್ಷಿಸಿ ನಿರ್ಧರಿಸಿ

ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ, ಕೆಲವು ಮನೆಗಳಲ್ಲಿ ಗಾಜಿನ ಕೊಳವೆಯ ಈ ಸಿಆರ್‌ಟಿ ಮಾನಿಟರ್‌ಗಳು ಇನ್ನೂ ಉಳಿದಿವೆ. ಚೆನ್ನಾಗಿ ನಡೆಯುತ್ತಿರುವುದನ್ನು ತೆಗೆದುಹಾಕಲು ಮನಸ್ಸು ಬಾರದಿರುವುದು ಸಹಜ. ಆದರೂ ದಿನವಿಡೀ ಅಕ್ಷರಗಳ ಜೊತೆ ಕೆಲಸ ಮಾಡುವವರು ತೆಳು ಪರದೆಯ ಎಲ್‌ಸಿಡಿಗೆ ಬದಲಾಗುವುದೇ ಒಳ್ಳೆಯದು ಎನ್ನುತ್ತೇನೆ. ಅಂಗಡಿಗೆ ಹೋಗುವ ಮೊದಲು ಮಾತ್ರ ಕೆಲವು ಲೆಕ್ಕ ಹಾಕಿಕೊಳ್ಳಿ.

ಮೊದಲು ಇರುವುದನ್ನು ಸರಿಪಡಿಸಿ

ಕಣ್ಣುರಿ, ತಲೆನೋವು ನಿಮ್ಮ ಕಾರಣವಾಗಿದ್ದರೆ ರಿಫ್ರೆಶ್ ರೇಟ್ ನೋಡಿ. ಸಿಆರ್‌ಟಿಯಲ್ಲಿ ಎಲೆಕ್ಟ್ರಾನ್ ಕಿರಣ ಪ್ರತಿ ಸೆಕೆಂಡಿಗೆ ಹಲವು ಬಾರಿ ಚಿತ್ರವನ್ನು ಮರಳಿ ಬರೆಯುತ್ತದೆ. ಆ ಎಣಿಕೆಯೇ ರಿಫ್ರೆಶ್ ರೇಟ್. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಬಾರಿ ಬರೆಯುವಾಗ, ಅದರ ಮಿನುಗು ಅನೇಕರ ಕಣ್ಣಿಗೆ ತಟ್ಟುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 85 ಹರ್ಟ್ಸ್ ಆರಿಸಿ. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ರೆಸಲ್ಯೂಷನ್ (ಪರದೆಯ ಚುಕ್ಕಿಗಳ ಸಂಖ್ಯೆ) ಒಂದು ಹಂತ ಇಳಿಸಿ ನೋಡಿ. ಇಷ್ಟರಿಂದಲೇ ತೊಂದರೆ ಕಡಿಮೆಯಾದರೆ ಬದಲಾವಣೆಗೆ ಆತುರವಿಲ್ಲ.

ಕರೆಂಟಿನ ಲೆಕ್ಕ

17 ಇಂಚಿನ ಸಿಆರ್‌ಟಿ ಸುಮಾರು 75 ವಾಟ್ ಎಳೆಯುತ್ತದೆ. ಎಲ್‌ಇಡಿ ಬೆಳಕಿನ ಇಂದಿನ ಎಲ್‌ಸಿಡಿಗೆ 20 ವಾಟ್ ಆಸುಪಾಸು ಸಾಕು. ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ಬಳಸಿದರೆ 11 ಯೂನಿಟ್ ಉಳಿತಾಯ. ಯುಪಿಎಸ್ ಕೂಡ ಹೆಚ್ಚು ಹೊತ್ತು ತಾಳುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಬಿಲ್ಲಿಗಿಂತ ಇದೇ ದೊಡ್ಡ ಲಾಭ.

ಅಳತೆಯಲ್ಲಿ ಮೋಸಹೋಗಬೇಡಿ

ಹೆಚ್ಚಿನವರು ಎಡವುವುದು ಇಲ್ಲಿ. ಮಾನಿಟರಿನ ಇಂಚು ಎಂದರೆ ಮೂಲೆಯಿಂದ ಎದುರು ಮೂಲೆಗಿರುವ ಅಳತೆ. 17 ಇಂಚಿನ ಸಿಆರ್‌ಟಿಯಲ್ಲಿ ಕಾಣುವ ಪರದೆ ಸುಮಾರು 16 ಇಂಚು, ಎತ್ತರ ಒಂಬತ್ತೂವರೆ ಇಂಚಿನಷ್ಟು. ಅದರ ಬದಲು 18.5 ಇಂಚಿನ ಅಗಲ ಎಲ್‌ಸಿಡಿ ತಂದರೆ ಎತ್ತರ ಒಂಬತ್ತು ಇಂಚಿಗೆ ಇಳಿಯುತ್ತದೆ! ಪುಟ ವಿನ್ಯಾಸ ಮಾಡುವವರಿಗೆ ಇದು ನಷ್ಟ. 21.5 ಇಂಚಿನದಾದರೆ ಹತ್ತೂವರೆ ಇಂಚು ಎತ್ತರ ಸಿಗುತ್ತದೆ.

ಜೊತೆಗೆ, ಎಲ್‌ಸಿಡಿಗೆ ತನ್ನದೇ ಆದ ಒಂದು ರೆಸಲ್ಯೂಷನ್ ಇರುತ್ತದೆ. 21.5 ಇಂಚಿನವುಗಳಲ್ಲಿ ಸಾಮಾನ್ಯವಾಗಿ 1920×1080. ನಿಮ್ಮ ಹಳೆಯ ಕಂಪ್ಯೂಟರಿಗೆ ಅಷ್ಟು ಕೊಡಲಾಗದಿದ್ದರೆ ಅಕ್ಷರ ಮಸುಕಾಗುತ್ತದೆ. ಅಂಥ ಯಂತ್ರಕ್ಕೆ 1280×1024ರ, ಚೌಕಕ್ಕೆ ಹತ್ತಿರದ ಆಕಾರದ 17 ಇಂಚಿನ ಸೆಕೆಂಡ್ ಹ್ಯಾಂಡ್ ಎಲ್‌ಸಿಡಿ ಚೆನ್ನಾಗಿ ಹೊಂದುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು.

ಅಂಗಡಿಯಲ್ಲಿ ಓಡಿಸುವ ಬಣ್ಣಬಣ್ಣದ ವಿಡಿಯೊ ನೋಡಿ ಒಪ್ಪಿಕೊಳ್ಳಬೇಡಿ. ‘ದ, ಧ, ಥ’, ‘ಡ, ಢ’, ‘ರ, ಠ’ ಎಂದು ನೀವು ದಿನವೂ ಬಳಸುವ ಗಾತ್ರದಲ್ಲಿ ಟೈಪ್ ಮಾಡಿಸಿ. ಧಕಾರದ ಸೀಳು, ಠಕಾರದ ಒಳಚುಕ್ಕಿ, ‘ಸ್ತ್ರೀ’ಯ ಒತ್ತುಗಳು ಕಣ್ಣು ಕಿರಿದು ಮಾಡದೆ ಕಾಣಬೇಕು. ಆಮೇಲೆ ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿಸಿ. ಸತ್ತ ಪಿಕ್ಸೆಲ್ ಇದ್ದರೆ ಚುಕ್ಕಿಯಾಗಿ ತೋರುತ್ತದೆ. ಪಕ್ಕಕ್ಕೆ, ಕೆಳಕ್ಕೆ ಸರಿದೂ ನೋಡಿ. ಎಲ್‌ಸಿಡಿ ಪರದೆಗಳಲ್ಲಿ ಟಿಎನ್, ಐಪಿಎಸ್ ಎಂಬ ಬಗೆಗಳಿವೆ. ಟಿಎನ್ ಪ್ಯಾನೆಲ್‌ನಲ್ಲಿ ಬಣ್ಣ ಕೆಡುತ್ತದೆ, ಐಪಿಎಸ್‌ನಲ್ಲಿ ಅಷ್ಟಾಗಿ ಕೆಡದು. ಮುದ್ರಣದ ಬಣ್ಣ ಹೊಂದಿಸುವವರು ಐಪಿಎಸ್ ಅನ್ನೇ ಕೇಳಿ.

ಕೇಬಲ್

ಹಳೆಯ ಕಂಪ್ಯೂಟರಿನ ನೀಲಿ ವಿಜಿಎ ಕಿಂಡಿ ಹೊಸ ಮಾನಿಟರಿನಲ್ಲೂ ಇದೆಯೇ ನೋಡಿ. ಅದರಲ್ಲಿ ಬರೀ ಎಚ್‌ಡಿಎಂಐ ಕಿಂಡಿ ಇದ್ದರೆ ಸಂಕೇತ ಪರಿವರ್ತಿಸುವ ಕನ್ವರ್ಟರ್ ಬೇಕು, ಸಾದಾ ಕೇಬಲ್ ಸಾಲದು.

ಯಾರು ಬದಲಿಸಬಾರದು?

ಹಳೆಯ ವಿಡಿಯೊ ಗೇಮ್ ಪ್ರಿಯರು. ವೇಗದ ಚಲನೆಯಲ್ಲಿ ಸಿಆರ್‌ಟಿಯ ಸ್ಪಷ್ಟತೆ ಸಾಧಾರಣ ಎಲ್‌ಸಿಡಿಗೆ ಇಲ್ಲ. ಪರದೆಗೆ ಗುರಿಯಿಟ್ಟು ಆಡುವ ಆ ಕಾಲದ ಗೇಮ್ ಬಂದೂಕುಗಳಂತೂ ಎಲ್‌ಸಿಡಿಯ ಮುಂದೆ ಕೆಲಸವನ್ನೇ ಮಾಡುವುದಿಲ್ಲ.

ಹಳೆಯದನ್ನು ಏನು ಮಾಡಬೇಕು?

ದಯವಿಟ್ಟು ಬಿಚ್ಚಬೇಡಿ. ಒಳಗೆ ಸಾವಿರಾರು ವೋಲ್ಟ್ ಓಡುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರಬಹುದು. ಕೊಳವೆಯ ಗಾಜಿನಲ್ಲಿ ಸೀಸವಿದೆ. ಗುಜರಿಯಲ್ಲಿ ಅದನ್ನು ಒಡೆಯುವವರ ಮೈಗೂ ಮಣ್ಣಿಗೂ ವಿಷ. ತೂಕಕ್ಕೆ ಮಾರುವ ಬದಲು ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತವಾದ ಮರುಬಳಕೆ ಘಟಕಕ್ಕೆ ಇಡಿಯಾಗಿ ಒಪ್ಪಿಸಿ, ರಸೀದಿ ಪಡೆಯಿರಿ.