ರಷ್ಯಾದ ಕಂಪನಿಯ ನಿಜವಾದ ಒಡೆಯ ಯಾರು? ಪತ್ತೆ ಹಚ್ಚುವ ಬಗೆ

ರಷ್ಯಾದ ಸಿರಿವಂತಿಕೆಯ ಬಗ್ಗೆ ಬರೆಯುವವರು ಹೆಚ್ಚಾಗಿ ಶುರು ಮಾಡುವುದು ಕುಬೇರರ ಪಟ್ಟಿಯಿಂದ. ಇವತ್ತು ಯಾರ ಕೈಯಲ್ಲಿ ಎಷ್ಟಿದೆ ಎಂದಷ್ಟೇ ಆ ಪಟ್ಟಿ ಹೇಳುತ್ತದೆ. ಅದು ಅವರ ಕೈಗೆ ಬಂದದ್ದು ಹೇಗೆ, ಸರ್ಕಾರ ಮುನಿದರೆ ನಾಳೆ ಉಳಿದೀತೇ ಎಂಬುದು ಅಲ್ಲಿ ಸಿಗುವುದಿಲ್ಲ. ಅಂಕಿಅಂಶ ಸಂಸ್ಥೆ ರೋಸ್‌ಸ್ಟಾಟ್ ಕೊಡುವ, ಅಸಮಾನತೆ ಅಳೆಯುವ ಗಿನಿ ಸೂಚ್ಯಂಕದಲ್ಲೂ (ಸುಮಾರು 0.4) ಸಿಗುವುದಿಲ್ಲ. ಅದು ಅಳೆಯುವುದು ಆದಾಯವನ್ನು, ಆಸ್ತಿಯನ್ನಲ್ಲ. ಒಂದೇ ಒಂದು ಕಂಪನಿಯನ್ನು ಹಿಡಿದು ಅದರ ಕಾಗದಪತ್ರದ ಬೆನ್ನು ಹತ್ತುವುದೇ ಸರಿಯಾದ ದಾರಿ.

ಹೆಸರಿನಿಂದ ಹುಡುಕಬೇಡಿ, ಒಂದೇ ಹೆಸರಿನ ಕಂಪನಿಗಳು ರಾಶಿ ರಾಶಿ ಇವೆ. ಓಜಿಆರ್‌ಎನ್ ಎಂಬ 13 ಅಂಕಿಯ ನೋಂದಣಿ ಸಂಖ್ಯೆ ಹಿಡಿದು ಹುಡುಕಿ. ಅನಿಲ ಕಂಪನಿ ಗಾಜ್‌ಪ್ರೋಮ್‌ನ ಸಂಖ್ಯೆ 1027700070518. ಎರಡು ಮತ್ತು ಮೂರನೆಯ ಅಂಕಿ ವರ್ಷ: 02. ಮುಂದಿನ ಎರಡು ಪ್ರದೇಶ: 77 ಅಂದರೆ ಮಾಸ್ಕೋ. ಕೊನೆಯ ಅಂಕಿ ತಾಳೆ ನೋಡುವುದಕ್ಕೆ. ಮೊದಲ 12 ಅಂಕಿಗಳನ್ನು ಒಟ್ಟು ಒಂದೇ ಸಂಖ್ಯೆಯಾಗಿ ಓದಿ, 11ರಿಂದ ಭಾಗಿಸಿ. ಶೇಷ 8 ಬರುತ್ತದೆ, ಕೊನೆಯಲ್ಲಿರುವುದೂ 8. (ಶೇಷ 10 ಬಂದರೆ ಕೊನೆಯ ಅಂಕಿ 0.) ತಾಳೆಯಾಗದಿದ್ದರೆ ನಕಲು ಮಾಡುವಾಗ ಅಂಕಿ ತಪ್ಪಿದೆ ಎಂದರ್ಥ.

ಇಲ್ಲೇ ಹೊಸಬರು ಎಡವುತ್ತಾರೆ. 02 ನೋಡಿ ಕಂಪನಿ 2002ರಲ್ಲಿ ಹುಟ್ಟಿತು ಎಂದು ಬರೆದುಬಿಡುತ್ತಾರೆ. ಗಾಜ್‌ಪ್ರೋಮ್ ಷೇರು ಕಂಪನಿಯಾದದ್ದು 1993ರಲ್ಲಿ. 2002ರ ಜುಲೈ 1ರಿಂದ ಹೊಸ ನೋಂದಣಿ ಪದ್ಧತಿ ಬಂದಾಗ ಹಳೆಯ ಕಂಪನಿಗಳಿಗೂ ಆಗಿನ ವರ್ಷದ ಸಂಖ್ಯೆಯೇ ಸಿಕ್ಕಿತು. ಹಾಗಾಗಿ 02 ಕಂಡರೆ ಅದಕ್ಕೂ ಹಿಂದಿನ ನೋಂದಣಿ ದಿನಾಂಕವನ್ನು ಹುಡುಕಿ.

ತೆರಿಗೆ ಇಲಾಖೆಯ ತಾಣದಲ್ಲಿ ಈ ಸಂಖ್ಯೆ ಹಾಕಿದರೆ ನೋಂದಣಿ ದಾಖಲೆಯ ಪ್ರತಿ ಉಚಿತವಾಗಿ ಸಿಗುತ್ತದೆ. ಅದು ಓಓಓ, ಅಂದರೆ ಸೀಮಿತ ಹೊಣೆಯ ಕಂಪನಿಯಾದರೆ, ಪಾಲುದಾರರ ಹೆಸರು, ಪಾಲು ಎಲ್ಲ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಓ, ಅಂದರೆ ಷೇರು ಕಂಪನಿಯಾದರೆ ಹುಷಾರು: ಅಲ್ಲಿ ಕಾಣುವವರು ಸ್ಥಾಪಕರು, ಈಗಿನ ಒಡೆಯರಲ್ಲ. ಷೇರುದಾರರ ಪಟ್ಟಿ ಇರುವುದು ರಿಜಿಸ್ಟ್ರಾರ್ (ಷೇರು ದಾಖಲೆ ಇಡುವ ಸಂಸ್ಥೆ) ಬಳಿ, ಅದು ಹೊರಗಿನವರಿಗೆ ಸಿಗದು. ಆಗ ಗತಿಯೆಂದರೆ ವಾರ್ಷಿಕ ವರದಿ. 2022ರ ನಂತರ ಎಷ್ಟೋ ಕಂಪನಿಗಳು ದಿಗ್ಬಂಧನದ ಕಾರಣ ಕೊಟ್ಟು ವಿವರ ಮುಚ್ಚಿಟ್ಟಿವೆ. 2021ರ ವರದಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಸರ್ಕಾರದ ಪಾಲನ್ನು ಒಂದೇ ಸಾಲಿನಲ್ಲಿ ಹುಡುಕಿದರೆ ಲೆಕ್ಕ ತಪ್ಪುತ್ತದೆ. ಗಾಜ್‌ಪ್ರೋಮ್‌ನಲ್ಲಿ ಸರ್ಕಾರಿ ಆಸ್ತಿ ಸಂಸ್ಥೆಯ ಹೆಸರಿನಲ್ಲಿರುವುದು ಶೇ. 38.37. ಅಷ್ಟನ್ನೇ ನೋಡಿದರೆ ಖಾಸಗಿಯವರದೇ ಮೇಲುಗೈ ಅನ್ನಿಸುತ್ತದೆ. ಸರ್ಕಾರದ ಹಿಡಿತದಲ್ಲೇ ಇರುವ ಎರಡು ಕಂಪನಿಗಳ ಪಾಲನ್ನು, ಅಂದರೆ ರೋಸ್‌ನೆಫ್ಟ್‌ಗಾಜ್‌ನ ಶೇ. 10.97 ಮತ್ತು ರೋಸ್‌ಗಾಜಿಫಿಕಾತ್ಸಿಯಾದ ಶೇ. 0.89 ಸೇರಿಸಿ: ಶೇ. 50.23. ಅರ್ಧ ದಾಟಿಸುವುದು ಆ ಚಿಕ್ಕ ಪಾಲೇ.

ಇನ್ನು ಆಸ್ತಿ ಕೈಬದಲಾದ ಬೆಲೆ. 1992ರಲ್ಲಿ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ವೋಚರ್ (ಸರ್ಕಾರಿ ಕಂಪನಿಗಳ ಷೇರಿಗೆ ಬದಲಾಯಿಸಿಕೊಳ್ಳುವ ಚೀಟಿ) ಹಂಚಿದರು. ನಿಜವಾದ ಗಂಟು ಇರುವುದು ಆಮೇಲೆ, 1995ರ 'ಸಾಲಕ್ಕೆ ಷೇರು' ಹರಾಜಿನಲ್ಲಿ. ಸರ್ಕಾರ ದೊಡ್ಡ ಕಂಪನಿಗಳ ಷೇರು ಅಡವಿಟ್ಟು ಸಾಲ ಎತ್ತಿತು, ತೀರಿಸಲಿಲ್ಲ, ಷೇರು ಸಾಲ ಕೊಟ್ಟವರ ಪಾಲಾಯಿತು. ಲೋಹದ ಕಂಪನಿ ನೋರಿಲ್ಸ್ಕ್ ನಿಕೆಲ್‌ನ ಶೇ. 38ಕ್ಕೆ ಆರಂಭಿಕ ಬೆಲೆ 17 ಕೋಟಿ ಡಾಲರ್, ಹೋದದ್ದು 17.01 ಕೋಟಿಗೆ. ಹರಾಜು ನಡೆಸಿದ ಬ್ಯಾಂಕಿನ ಕಡೆಯವರೇ ಗೆದ್ದರು. ಆರಂಭಿಕ ಬೆಲೆಗೂ ಅಂತಿಮ ಬೆಲೆಗೂ ಇರುವ ಅಂತರವನ್ನು ಮೊದಲು ನೋಡಿ. ಅದು ಕೂದಲೆಳೆಯಷ್ಟಿದ್ದರೆ ಅಲ್ಲಿ ಪೈಪೋಟಿ ನಡೆದಿರಲಿಲ್ಲ.

ಬೆಲೆಗಳನ್ನು ಹೋಲಿಸುವಾಗ ಇಡೀ ಕಂಪನಿಯ ಬೆಲೆಗೆ ಬಿಡಿಸಿಕೊಳ್ಳಿ. ಅದೇ ಹರಾಜುಗಳಲ್ಲಿ ತೈಲ ಕಂಪನಿ ಸಿಬ್‌ನೆಫ್ಟ್‌ನ ಶೇ. 51 ಹೋದದ್ದು 10.03 ಕೋಟಿ ಡಾಲರ್‌ಗೆ, ಅಂದರೆ ಪೂರ್ತಿಗೆ ಸುಮಾರು 19.7 ಕೋಟಿ. 2005ರಲ್ಲಿ ಗಾಜ್‌ಪ್ರೋಮ್ ಸುಮಾರು ಶೇ. 73ಕ್ಕೆ 1,300 ಕೋಟಿ ಡಾಲರ್‌ಗೂ ಮೇಲೆ ಕೊಟ್ಟಿತು, ಪೂರ್ತಿಗೆ ಸುಮಾರು 1,800 ಕೋಟಿ. ತೊಂಬತ್ತು ಪಟ್ಟು! ಆದರೆ ಅಷ್ಟೂ ಲೂಟಿ ಎಂದು ಬರೆಯಬೇಡಿ. ಆ ಹತ್ತು ವರ್ಷದಲ್ಲಿ ಕಚ್ಚಾ ತೈಲದ ಬೆಲೆಯೇ ಮೂರು ಪಟ್ಟಾಗಿತ್ತು. ಅದನ್ನು ಕಳೆದರೂ ಸುಮಾರು ಮೂವತ್ತು ಪಟ್ಟು ಉಳಿಯುತ್ತದೆ. ಅಗ್ಗಕ್ಕೆ ಬಿಟ್ಟುಕೊಟ್ಟದ್ದೂ ಸರ್ಕಾರವೇ, ದುಬಾರಿ ಬೆಲೆ ತೆತ್ತು ಮರಳಿ ಪಡೆದದ್ದೂ ಸರ್ಕಾರದ ಹಿಡಿತದ ಕಂಪನಿಯೇ. ನನ್ನ ಮಟ್ಟಿಗೆ ಇಡೀ ಹುಡುಕಾಟದ ತಿರುಳು ಇದು.

ರೂಬಲ್‌ನಲ್ಲಿರುವ ಹಳೆಯ ಮೊತ್ತಗಳಲ್ಲಿ ಇನ್ನೊಂದು ಗುಂಡಿ ಇದೆ. 1998ರ ಜನವರಿ 1ರಂದು ಮೂರು ಸೊನ್ನೆ ಕಿತ್ತುಹಾಕಿದರು. ಅದಕ್ಕೂ ಹಿಂದಿನದೆಲ್ಲವನ್ನೂ 1,000ದಿಂದ ಭಾಗಿಸಿಕೊಳ್ಳಿ.

ಕೊನೆಗೆ ನ್ಯಾಯಾಲಯ. ವಾಣಿಜ್ಯ ನ್ಯಾಯಾಲಯಗಳ ಆನ್‌ಲೈನ್ ಕಡತದಲ್ಲಿ ಕಂಪನಿಯ ಹೆಸರಿನ ಮೊಕದ್ದಮೆ ನೋಡಿ. ಅಲ್ಲಿಗೇ ನಿಲ್ಲಬೇಡಿ: ಪ್ರಾಸಿಕ್ಯೂಟರ್ ಆಸ್ತಿ ಕೇಳಿ ಹಾಕುವ ದಾವೆ ಸಾಮಾನ್ಯ ಜಿಲ್ಲಾ ನ್ಯಾಯಾಲಯದಲ್ಲೂ ಇರಬಹುದು. ಪಾಸ್ಟಾ ತಯಾರಿಸುವ ಮಾಕ್ಫಾ 2024ರಲ್ಲಿ ಸರ್ಕಾರದ ವಶವಾದದ್ದು ಚೆಲ್ಯಾಬಿನ್ಸ್ಕ್‌ನ ಅಂಥ ನ್ಯಾಯಾಲಯದ ತೀರ್ಪಿನಿಂದ. ಭ್ರಷ್ಟಾಚಾರದ ಆಧಾರದ ಇಂಥ ದಾವೆಗಳಿಗೆ ಕಾಲಮಿತಿ ಇಲ್ಲವೆಂದು ಸಂವಿಧಾನ ನ್ಯಾಯಾಲಯ 2024ರ ಅಕ್ಟೋಬರ್ 31ರಂದು ಹೇಳಿತು. ಮೂವತ್ತು ವರ್ಷ ಹಳೆಯ ಖರೀದಿಯನ್ನೂ ಆ ದಾರಿಯಲ್ಲಿ ಕೆದಕಬಹುದು.

ಸಿಕ್ಕ ಪ್ರತಿಯನ್ನು ದಿನಾಂಕದೊಂದಿಗೆ ಅವತ್ತೇ ಉಳಿಸಿಟ್ಟುಕೊಳ್ಳಿ. ಸ್ಥಿರಾಸ್ತಿ ನೋಂದಣಿಯಲ್ಲಿ ಒಡೆಯರ ಹೆಸರು ಯಾರಿಗೆ ಬೇಕಾದರೂ ಕಾಣುತ್ತಿತ್ತು. 2023ರ ಮಾರ್ಚ್ 1ರಿಂದ ಒಡೆಯರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಅದು ಕಾಣುವುದಿಲ್ಲ.