ಘಟಕ ಪಂಚಾಯಿತಿಗೆ, ಮೀಟರ್ ಯಾರ ಹೆಸರಿಗೆ?

ಕೋಲಾರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಕಂಪನಿಯೊಂದು ಸಾಮಾಜಿಕ ಜವಾಬ್ದಾರಿಗೆಂದು ಕೊಡುವ ಸಿಎಸ್‌ಆರ್ ಹಣದಿಂದ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಕಟ್ಟಿ ನಡೆಸುವ ಯೋಜನೆ ನಮ್ಮ ಸಂಸ್ಥೆಯಲ್ಲಿ ನನ್ನ ಜವಾಬ್ದಾರಿಯಾಗಿತ್ತು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಸೀಮೆ ಅದು. ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುವುದಿತ್ತು. ಕಂಪನಿಯವರು ಕೇಳುತ್ತಿದ್ದುದು ಅಂತಿಮ ವರದಿ ಮತ್ತು ಹಸ್ತಾಂತರ ಸಮಾರಂಭದ ದಿನಾಂಕ. ನನಗೆ ಚಿಂತೆಯಾಗಿದ್ದುದು ಏಪ್ರಿಲ್ ತಿಂಗಳ ಕರೆಂಟ್ ಬಿಲ್ಲನ್ನು ಯಾರು ಕಟ್ಟುತ್ತಾರೆ ಎಂಬುದು. ಹಾಗಾಗಿ ದಸರಾ ಕಳೆದ ಕೂಡಲೇ ಮುಕ್ತಾಯದ ಕೆಲಸ ಶುರು ಮಾಡಿದೆ.

2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ ಇಂಥ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ನೋಂದಾಯಿತ ಸೇವಾ ಸಂಸ್ಥೆ, ಫಲಾನುಭವಿಗಳ ಸಂಘ ಅಥವಾ ಸಾರ್ವಜನಿಕ ಪ್ರಾಧಿಕಾರದ ಬಳಿ ಇರಬೇಕು. ನಾವು ಗ್ರಾಮ ಪಂಚಾಯಿತಿಯನ್ನೇ ಆರಿಸಿಕೊಂಡೆವು. ಅಧ್ಯಕ್ಷರ ಸಹಿ ಇರುವ ಒಂದು ಹಸ್ತಾಂತರ ಪತ್ರ ಸಾಕು ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ. ಅಧ್ಯಕ್ಷರು ಬದಲಾಗುತ್ತಾರೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ವರ್ಗವಾಗುತ್ತದೆ. ಸಾಮಾನ್ಯ ಸಭೆಯ ನಡಾವಳಿ ಪುಸ್ತಕದಲ್ಲಿ ನಿರ್ಣಯವಾಗಿ ದಾಖಲಾದದ್ದು ಮಾತ್ರ ಉಳಿಯುತ್ತದೆ.

ಒಂದು ಪಂಚಾಯಿತಿಯ ಪಿಡಿಒ ನೇರವಾಗಿಯೇ ಹೇಳಿದರು: "ಘಟಕ ಪಡೆದುಕೊಳ್ಳುತ್ತೇವೆ ಸಾರ್, ಖರ್ಚು ಮಾತ್ರ ನಿಮ್ಮಲ್ಲೇ ಇರಲಿ." ನಕ್ಕು ಸುಮ್ಮನಾಗುವ ಮಾತಲ್ಲ ಅದು. ಪ್ರತಿ ಘಟಕದ ನಾಣ್ಯದ ಪೆಟ್ಟಿಗೆಯಲ್ಲಿ ಬೀಳುವ ಹಣ, ಕರೆಂಟು, ಫಿಲ್ಟರ್, ಆಪರೇಟರ್ ಸಂಬಳ ಇವುಗಳ ತಿಂಗಳ ಲೆಕ್ಕವನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಅವರ ಮುಂದಿಟ್ಟೆ. ದೊಡ್ಡ ಊರಿನ ಘಟಕದಲ್ಲಿ ಉಳಿಯುತ್ತದೆ, ಸಣ್ಣ ಊರಿನದರಲ್ಲಿ ಕೈಯಿಂದ ಹೋಗುತ್ತದೆ. ಎಲ್ಲದರ ಹಣವನ್ನೂ ಒಂದೇ ಖಾತೆಗೆ ಹಾಕಿ ನೀರು ಸೋಸುವ ಪೊರೆಯಾದ ಮೆಂಬ್ರೇನ್ ಬದಲಾವಣೆಗೆಂದು ಒಂದು ಪಾಲು ತೆಗೆದಿಡುವುದೆಂದು ನಿರ್ಣಯದಲ್ಲೇ ಬರೆಸಿದೆವು. ಮೆಂಬ್ರೇನ್ ಕೈಕೊಟ್ಟ ದಿನ ಚಂದಾ ಎತ್ತಲು ಹೊರಟರೆ ಘಟಕಕ್ಕೆ ಬೀಗವೇ ಗತಿ.

ಅತಿ ಹೆಚ್ಚು ಓಡಾಟವಾದದ್ದು ವಿದ್ಯುತ್ ಮೀಟರಿಗಾಗಿ. ಆರ್‌.ಆರ್. ಸಂಖ್ಯೆ, ಅಂದರೆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ, ನಮ್ಮ ಸಂಸ್ಥೆಯ ಹೆಸರಿನಲ್ಲಿತ್ತು. ಅದು ಬದಲಾಗದಿದ್ದರೆ ಘಟಕ ಅವರದು, ಬಾಕಿ ನಮ್ಮದು. ಬಿಲ್ ಪೂರ್ತಿ ಕಟ್ಟಿ, ರಸೀದಿ ಮತ್ತು ಪಂಚಾಯಿತಿ ನಿರ್ಣಯದ ಪ್ರತಿ ಲಗತ್ತಿಸಿ, ಹೆಸರು ಬದಲಾವಣೆಗೆ ಅರ್ಜಿ ಕೊಟ್ಟು ಬೆನ್ನು ಹತ್ತಿದೆ. ಇದನ್ನು ಮಾರ್ಚಿನಲ್ಲಿ ಕೈಗೆತ್ತಿಕೊಳ್ಳುವವರಿಗೆ ದೇವರೇ ದಿಕ್ಕು.

ಜನವರಿಯಲ್ಲಿ ಘಟಕಗಳ ಗೋಡೆಯ ಮೇಲಿದ್ದ ನಮ್ಮ ತಂತ್ರಜ್ಞರ ಮೊಬೈಲ್ ಸಂಖ್ಯೆಯನ್ನು ಅಳಿಸಿ ಪಂಚಾಯಿತಿಯ ಸಂಖ್ಯೆ ಬರೆಸಿದೆ. ದೂರು ಮೊದಲು ಅಲ್ಲಿಗೇ ಹೋಗಲಿ, ನೀರುಗಂಟಿ ಬಂದು ನೋಡಲಿ, ತಿಳಿಯದಿದ್ದರೆ ಅವರು ನಮ್ಮನ್ನು ಕರೆಯಲಿ ಎಂಬುದು ಲೆಕ್ಕ. ನಾವು ಇನ್ನೂ ಇರುವಾಗಲೇ ಇಲ್ಲದವರಂತೆ ನಡೆದುಕೊಳ್ಳುವುದು ತಂಡಕ್ಕೆ ಹಿಡಿಸಲಿಲ್ಲ. ಆದರೆ ಮೋಟರ್ ಟ್ರಿಪ್ ಆದರೆ ಏನು ಮಾಡಬೇಕು, ಫಿಲ್ಟರ್ ಯಾವಾಗ ತೊಳೆಯಬೇಕು ಎಂಬುದನ್ನು ನೀರುಗಂಟಿಗಳು ಕಲಿತದ್ದು ಆ ಮೂರು ತಿಂಗಳಲ್ಲಿಯೇ, ಹಿಂದಿನ ತರಬೇತಿಗಳಲ್ಲಲ್ಲ. ಕೊನೆಯ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಗೋಡೆಗೆ ಹಾಕಿಸಿದೆ: ಕಚ್ಚಾ ನೀರಿನಲ್ಲಿ ಫ್ಲೋರೈಡ್ ಎಷ್ಟು, ಶುದ್ಧೀಕರಿಸಿದ ನೀರಿನಲ್ಲಿ ಎಷ್ಟು, ಬೇರೆ ಮೂಲವಿಲ್ಲದಿದ್ದಾಗ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಎಂದು.

ಯಂತ್ರ ಪೂರೈಸಿದವರ ಕೊನೆಯ ಕಂತನ್ನು ಕಂಟ್ರೋಲ್ ಪ್ಯಾನೆಲ್ ನಕ್ಷೆ ಮತ್ತು ಬಿಡಿಭಾಗಗಳ ಪಟ್ಟಿ ಕೈಗೆ ಬರುವವರೆಗೆ ತಡೆಹಿಡಿದೆ. ಸಮಾರಂಭವೂ ಆಯಿತು, ಹಾರ, ಫೋಟೊ, ಭಾಷಣ ಎಲ್ಲವೂ.

ಉಳಿದದ್ದು ನಮ್ಮ ಹುಡುಗರದು. ಯೋಜನೆ ಮುಗಿದರೆ ಅವರ ಕೆಲಸವೂ ಮುಗಿಯುತ್ತದೆಂದು ಡಿಸೆಂಬರಿನಲ್ಲೇ ಬಾಯಿಬಿಟ್ಟು ಹೇಳಿದ್ದೆ. ಕೊನೆಯ ದಿನ ಅನುಭವ ಪತ್ರ ಕೈಗಿತ್ತೆವು. ಭವಿಷ್ಯ ನಿಧಿ ಪೋರ್ಟಲಿನಲ್ಲಿ ಪ್ರತಿಯೊಬ್ಬರ ನಿರ್ಗಮನ ದಿನಾಂಕವನ್ನು (ಅದಿಲ್ಲದೆ ನಿಧಿಯ ಲೆಕ್ಕ ಇತ್ಯರ್ಥವಾಗದು) ಆದಷ್ಟು ಬೇಗ ದಾಖಲಿಸುವಂತೆ ಲೆಕ್ಕಪತ್ರ ವಿಭಾಗದ ಹಿಂದೆ ಬಿದ್ದೆ. 2020ರಿಂದ ನೌಕರರೇ ಅದನ್ನು ದಾಖಲಿಸಬಹುದು, ನಿಜ. ಆದರೆ ಅದಕ್ಕೆ ಎರಡು ತಿಂಗಳು ಕಾಯಬೇಕು. ಸಂಬಳ ನಿಂತವನಿಗೆ ಎರಡು ತಿಂಗಳು ಕಡಿಮೆಯೇನಲ್ಲ.