ಬಿದಿರಿಗೆ ದಾರ ಕಟ್ಟಿ ಹುಡುಕಿದ ಕಟ್ಟು

ರಾಯಚೂರಿನ ನಮ್ಮ ಮನೆಯಲ್ಲಿ ಸಿಂಕಿನ ನೀರು ನಿಲ್ಲುವುದು ಹೊಸದೇನಲ್ಲ. ವರ್ಷಕ್ಕೆ ಮೂರು ಸಲವಾದರೂ ಕಟ್ಟುತ್ತಿತ್ತು. ಯಾರನ್ನಾದರೂ ಕರೆಸಿ ಬಿದಿರು ಆಡಿಸುತ್ತಿದ್ದೆ. ನೀರು ಹರಿಯುತ್ತಿತ್ತು, ನಾನು ಮರೆಯುತ್ತಿದ್ದೆ. ಹೋದ ಮಳೆಗಾಲದಲ್ಲಿ ಬಚ್ಚಲಿನ ಜಾಲರಿಯಿಂದ ಮುಸುರೆ ನೀರು ಉಕ್ಕಿ ಬಂತು. ಆಗ ನಾನೇ ಕೈ ಹಾಕಿದೆ.

ಮೊದಲು ಮಾಡಿದ್ದೇ ತಪ್ಪು. ಅಂಗಡಿಯಿಂದ ಆಸಿಡ್ ತಂದು ಬಚ್ಚಲಿಗೆ ಸುರಿದೆ. ಬೆಳಗ್ಗೆ ಅವ್ವ ಅಲ್ಲಿಗೇ ಬ್ಲೀಚಿಂಗ್ ಪುಡಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಕಣ್ಣು ಉರಿ, ಗಂಟಲು ಹಿಡಿದಂಗೆ ಕೆಮ್ಮು. ಬಾಗಿಲು ಕಿಟಕಿ ತೆರೆದು ಎಲ್ಲರೂ ಅಂಗಳಕ್ಕೆ ಓಡಿದೆವು. ಇಷ್ಟಾಗಿಯೂ ನೀರು ಇಳಿದಿರಲಿಲ್ಲ. ಜಿಡ್ಡಿನ ಗಡ್ಡೆಗೆ ಆಸಿಡ್ ಅಷ್ಟಾಗಿ ನಾಟುವುದಿಲ್ಲ.

ಮರುದಿನ ಚೇಂಬರುಗಳ, ಅಂದರೆ ಅಂಗಳದಲ್ಲಿ ಕೊಳಚೆ ಪೈಪು ಸೇರುವ ಗುಂಡಿಗಳ, ಮುಚ್ಚಳ ತೆಗೆದೆ. ಅಡುಗೆಮನೆ ಹಿಂದಿನದು ತುಂಬಿ ನಿಂತಿತ್ತು, ಗೇಟಿನ ಹತ್ತಿರದ್ದು ಒಣಗಿತ್ತು. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಕಟ್ಟಿರುವುದು ಇವೆರಡರ ನಡುವೆ, ಬೀದಿಯ ಕಡೆ ಅಲ್ಲ. ಇದನ್ನು ನೋಡದೆಯೇ ಎಷ್ಟು ವರ್ಷ ದುಡ್ಡು ಕೊಟ್ಟೆನೋ!

ಒಣಗಿದ ಚೇಂಬರಿನಿಂದ ಸೀಳಿದ ಬಿದಿರು ತೂರಿಸಿದೆ. ಒಂದು ಕಡೆ ಮೆತ್ತಗೆ ತಡೆಯಿತು. ಪೈಪಿನ ಬಾಯಿಗೆ ಸರಿಯಾಗಿ ಬಿದಿರಿಗೆ ದಾರ ಕಟ್ಟಿ ಹೊರಗೆಳೆದು ನೆಲದ ಮೇಲೆ ಚಾಚಿದೆ. ಹನ್ನೆರಡು ಅಡಿ. ಅಲ್ಲಿ ಸುಣ್ಣದಲ್ಲಿ ಗುರುತು ಹಾಕಿದೆ.

ಪಕ್ಕದ ಮನೆಯ ಕಾಕಾ ಗೌಂಡಿ ಕೆಲಸ ಮಾಡಿದವರು. ಗುರುತು ನೋಡಿ, ‘ಬರೇ ಕಸ ತೆಗದ್ರ ಮತ್ತ ಕಟ್ಟತೈತಿ ತಮ್ಮಾ. ಅಗದು ನೋಡು’ ಅಂದರು. ಎರಡು ಅಡಿ ಅಗೆದೆವು. ನಾಲ್ಕಿಂಚಿನ ಪೈಪು ನಡುವೆ ಜೋಲುಬಿದ್ದಿತ್ತು. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅಡಿಗೆ ಉಸುಕು ಹಾಕದೆ ಸುಮ್ನೆ ಮಣ್ಣಿನ ಮೇಲೇ ಪೈಪು ಇಟ್ಟಿದ್ದರು. ತಗ್ಗಿನಲ್ಲಿ ನೀರು ನಿಂತು, ರೊಟ್ಟಿ ಬುಟ್ಟಿ ತೊಳೆದ ಜೋಳದ ಹಿಟ್ಟು, ಅನ್ನದ ಗಂಜಿ, ಮಿರ್ಚಿ ಕರಿದ ಎಣ್ಣೆ ಎಲ್ಲ ಪದರಪದರವಾಗಿ ಕೂತಿತ್ತು. ಬೂದು ಬಣ್ಣದ ಗಟ್ಟಿ, ಚಾಕುವಿನಿಂದ ಕೊಯ್ಯುವಂತಿತ್ತು. ವಾಸನೆಯ ಮಾತು ಬೇಡ.

ಪೈಪು ಕಿತ್ತು, ಅಡಿಗೆ ಗರಸು ಬಡಿದು, ಅದರ ಮೇಲೆ ನಾಲ್ಕಿಂಚು ಉಸುಕು ಹಾಸಿದೆವು. ಇಳಿಜಾರನ್ನು ಕಣ್ಣಂದಾಜಿಗೆ ಬಿಡಲಿಲ್ಲ. ಹತ್ತು ಅಡಿಗೆ ಮೂರಿಂಚು ಇಳಿಯಬೇಕು, ಅಂದರೆ ನಲವತ್ತಕ್ಕೆ ಒಂದು. ನೀರು ತುಂಬಿದ ಲೆವೆಲ್ ಪೈಪು ಹಿಡಿದು ಅಳೆದೆವು. ಮೂಲೆಯಲ್ಲಿದ್ದ ತೊಂಬತ್ತು ಡಿಗ್ರಿಯ ಮೊಣಕೈ ಬೆಂಡು ತೆಗೆದು ನಲವತ್ತೈದು ಡಿಗ್ರಿಯ ಎರಡು ಬೆಂಡು ಜೋಡಿಸಿದೆವು. ಮಣ್ಣು ಮುಚ್ಚುವ ಮೊದಲು ಎರಡು ಬಕೆಟ್ ನೀರು ಒಮ್ಮೆಲೇ ಸುರಿದು, ಗೇಟಿನ ಚೇಂಬರಿನಲ್ಲಿ ಬಂದು ಬೀಳುವುದನ್ನು ನೋಡಿದೆ.

ನಾನು ಮಾಡಿದ್ದು ಅಂಗಳದೊಳಗಿನ ಮೊಣಕಾಲುದ್ದದ ಚೇಂಬರಿನಷ್ಟೇ ಕೆಲಸ, ಅದೂ ಮೇಲೆ ನಿಂತು. ಬೀದಿಯ ಮ್ಯಾನ್‌ಹೋಲ್ ಬೇರೆ ಮಾತು. ಅಲ್ಲಿನ ವಿಷಗಾಳಿ ಒಂದೆರಡು ಉಸಿರಿಗೇ ಆಳನ್ನು ಕೆಡವುತ್ತದೆ. ರಕ್ಷಣೆಯಿಲ್ಲದೆ ಒಬ್ಬರನ್ನು ಅದರೊಳಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ಅದು ಕಟ್ಟಿದರೆ ನಗರಸಂಸ್ಥೆಗೆ ಹೇಳಿ ಜೋರು ಒತ್ತಡದ ನೀರು ಹಾಯಿಸುವ ಜೆಟ್ಟಿಂಗ್ ಯಂತ್ರ ತರಿಸಿ. ಬರಲು ತಡವಾದರೂ ಕಾಯಿರಿ.

ಈಗ ಸಿಂಕಿಗೆ ಸ್ಟೀಲ್ ಜಾಲರಿ ಬಂದಿದೆ. ಬಾಣಲೆಯ ಎಣ್ಣೆಯನ್ನು ಹಳೆ ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುತ್ತೇವೆ. ಕುದಿಯುವ ನೀರು ಸುರಿದರೆ ಸಾಕು ಅನ್ನುವವರಿದ್ದಾರೆ. ಕರಗಿದ ಜಿಡ್ಡು ಮುಂದೆ ಹೋಗಿ ತಣ್ಣಗಾಗಿ ಅಲ್ಲೇ ಕೂರುತ್ತದೆ, ಪಿವಿಸಿ ಪೈಪೂ ಮೆತ್ತಗಾಗುತ್ತದೆ. ಗಂಜಿಯನ್ನು ಅವ್ವ ತಣಿಸಿ ಎದುರು ಮನೆಯ ಎಮ್ಮೆಗೆ ಕೊಡುತ್ತಾಳೆ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡುವುದು ನನ್ನ ಪಾಲಿನ ಕೆಲಸ. ಬಿದಿರು ಮಾಳಿಗೆ ಮೇಲಿದೆ, ದಾರ ಹಾಗೇ ಇದೆ.